ಇದರ ನೆಲಮಹಡಿ ಯಾವುದು?

ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ ಮಕ್ಕಳೊಡನೆ ಈ ಆಟ ಆಡಿ: ಏರುರಸ್ತೆಯ ಮನೆಗಳ ಅಂತಸ್ತು ಎಣಿಸಿ. ಎಷ್ಟೋ ಮನೆಗಳಿಗೆ ಕೆಳಬದಿಯಲ್ಲಿ ಮೂರು, ಮೇಲ್ಬದಿಯಲ್ಲಿ ಎರಡೇ!

ಗುಡ್ಡಗಳನ್ನು ಲೆಕ್ಕಿಸದೆ ನೇರ ಬೀದಿಗಳನ್ನು ಹಾಕಿದ ಊರಿದು. ಫಿಲ್ಬರ್ಟ್ ಬೀದಿಯ ಒಂದು ಭಾಗ 100 ಅಡಿಗೆ 31.5 ಅಡಿ ಏರುತ್ತದೆ. ಅಲ್ಲಿ ಫುಟ್‌ಪಾತೇ ಮೆಟ್ಟಿಲು. ಹಾಗಾಗಿ ಇಳಿಜಾರಿಗೆ ಹೊಂದಿಕೊಳ್ಳುವ ಕೆಲಸ ಮನೆಗಳ ಪಾಲಿಗೆ ಬಂತು: ಗುಡ್ಡ ಕೊರೆದು ಗ್ಯಾರೇಜ್, ಮೆಟ್ಟಿಲು ಹತ್ತಿದ ಮೇಲೆ ಬಾಗಿಲು, ಸಾಲಾಗಿ ಕೆಳಗಿಳಿಯುವ ಸೂರುಗಳು. 1873ರಲ್ಲಿ ಕೇಬಲ್ ಕಾರ್ ಬಂದ ಮೇಲಂತೂ ನಾಬ್ ಹಿಲ್ ನೆತ್ತಿಯಲ್ಲಿ ಸಿರಿವಂತರ ಬಂಗಲೆಗಳೆದ್ದವು.

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು, ಏದುಸಿರು ಬಿಡುತ್ತಾ ನಿಂತು, "ಅಮ್ಮಾ, ಇದರ ನೆಲಮಹಡಿ ಯಾವುದು?" ಎಂದಳು. ಉತ್ತರ ನನಗೂ ಹೊಳೆಯಲಿಲ್ಲ. ಇಬ್ಬರೂ ಕನ್ನಡದಲ್ಲೇ ವಾದಿಸುತ್ತಾ ಗುಡ್ಡ ಇಳಿದೆವು. ನಿಮ್ಮೂರಲ್ಲೂ ಒಂದು ದಿಣ್ಣೆ ಇದ್ದೀತು. ಈ ವಾರ ಹತ್ತಿಸಿ ನೋಡಿ.