ಅರಳುಮರಳಿಗೆ ಸೂಜಿಯ ಮದ್ದು

‘ಅರವತ್ತಕ್ಕೆ ಅರಳು ಮರಳು’ ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಬೇಂದ್ರೆಯವರು ತಮ್ಮ ಕವನಸಂಕಲನವೊಂದಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟು, ಮುಪ್ಪಿನ ಮಂಕನ್ನು ಹೇಳುವ ಮಾತಿನಲ್ಲಿ ಮರಳಿ ಅರಳುವ ಅರ್ಥವನ್ನು ಕಾಣಿಸಿದರು. 1958ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಕವಿಗೆ ಒಲಿದ ಆ ಅರ್ಥ ಸಂಸಾರಿಗಳಾದ ನಮಗೆಲ್ಲ ಒಲಿಯುವುದಿಲ್ಲ. ಅರವತ್ತು ದಾಟಿದ ನಾನು, ಹಳೆಯ ವಿದ್ಯಾರ್ಥಿಯೊಬ್ಬ ಎದುರಿಗೆ ಬಂದು ನಮಸ್ಕರಿಸಿದಾಗ ಅವನ ಹೆಸರು ನೆನಪಾಗದೆ, ಈ ಗಾದೆಯನ್ನು ಹೇಳಿ ನಕ್ಕು ಪಾರಾಗುತ್ತೇನೆ. ಆದರೆ ಈ ನಗೆಯ ಮರೆಯಲ್ಲಿ ಒಂದು ರೋಗ ಅಡಗಿ ಕುಳಿತಿರಬಹುದು. ಅದನ್ನು ನಾನು ಅರಿತದ್ದು ನನ್ನ ಅಣ್ಣಯ್ಯನವರಿಂದ.

ಅಣ್ಣಯ್ಯನವರ ಮನೆ ಮುಳಬಾಗಿಲಿನಲ್ಲಿ. ಮಾವಿನ ತೋಪು ಶ್ರೀನಿವಾಸಪುರದ ಕಡೆ. ಮಂಡಿಯವರ ಲೆಕ್ಕ, ಆಳುಗಳ ಕೂಲಿ, ಯಾವ ಮರ ಯಾವ ವರ್ಷ ಎಷ್ಟು ಕಾಯಿ ಬಿಟ್ಟಿತು ಎಂಬುದು ಎಲ್ಲವೂ ಅವರ ಬಾಯಲ್ಲೇ ಇರುತ್ತಿತ್ತು. ಒಂದು ಸುಗ್ಗಿಯಲ್ಲಿ ಅವರು ಒಬ್ಬನೇ ಆಳಿಗೆ ಒಂದೇ ವಾರದ ಕೂಲಿಯನ್ನು ಎರಡು ಸಲ ಕೊಟ್ಟರು. ಅವನೇ ಹಣವನ್ನು ಹಿಂದಕ್ಕೆ ತಂದು ಕೊಟ್ಟ. ಮನೆಯವರು “ವಯಸ್ಸಾಯಿತಲ್ಲ” ಎಂದರು. ನಾನೂ ಅದನ್ನೇ ಅಂದೆ. ಅಷ್ಟರಲ್ಲಿ ಮಾಲೂರಿನಲ್ಲಿ ಸೂಜಿ ಚುಚ್ಚಿ ಜ್ಞಾಪಕಶಕ್ತಿಯನ್ನು ಹೆಚ್ಚಿಸುವವರಿದ್ದಾರೆಂದು ಯಾರೋ ಹೇಳಿದರು. ಅಣ್ಣಯ್ಯನವರು ವಾರಕ್ಕೆ ಎರಡು ಸಲ ಮುಳಬಾಗಿಲಿನಿಂದ ಕೋಲಾರಕ್ಕೆ ಬಂದು, ನಮ್ಮ ಮನೆಯಲ್ಲಿ ಕಾಫಿ ಕುಡಿದು, ಮಾಲೂರಿನ ಬಸ್ಸು ಹತ್ತತೊಡಗಿದರು. ಈ ಸೂಜಿಚಿಕಿತ್ಸೆ ಎಂದರೇನು, ಅದರಿಂದ ಮರೆವು ಹೋಗುವುದೇ ಎಂದು ನಾನು ಓದಿ ವಿಚಾರಿಸಿದ್ದು ಆಗ.

ಅಕ್ಯುಪಂಕ್ಚರ್ ಎಂಬುದು ಲ್ಯಾಟಿನ್ ಮೂಲದಿಂದ ಯೂರೋಪಿನವರು ಕಟ್ಟಿದ ಹೆಸರು. ಸೂಜಿಯಿಂದ ಚುಚ್ಚುವುದು ಎಂದಷ್ಟೇ ಅದರ ಅರ್ಥ. ವಿದ್ಯೆ ಮಾತ್ರ ಚೀನದ್ದು. ಶರೀರದಲ್ಲಿ ‘ಚೀ’ ಎಂಬ ಪ್ರಾಣಶಕ್ತಿ ಕೆಲವು ಪಥಗಳಲ್ಲಿ ಹರಿಯುತ್ತದೆ, ಆ ಹರಿವಿಗೆ ಅಡ್ಡಿಯಾದರೆ ರೋಗ, ತಕ್ಕ ಬಿಂದುವಿನಲ್ಲಿ ಸೂಜಿ ನೆಟ್ಟರೆ ಅಡ್ಡಿ ನಿವಾರಣೆ ಎಂಬುದು ಅವರ ಸಿದ್ಧಾಂತ. ಅಂಥ ಬಿಂದುಗಳು 361 ಎಂದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿದೆ. ನಮ್ಮ ಯೋಗಶಾಸ್ತ್ರದ ನಾಡಿಗಳನ್ನು ಬಲ್ಲವರಿಗೆ ಈ ಕಲ್ಪನೆ ಅಪರಿಚಿತವೆನಿಸದು. ಭಾರತಕ್ಕೆ ಈ ವಿದ್ಯೆಯನ್ನು ತಂದವರಲ್ಲಿ ಮೊದಲಿಗರು ಕಲ್ಕತ್ತೆಯ ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಡಾ. ದ್ವಾರಕಾನಾಥ ಕೋಟ್ಣೀಸರೊಡನೆ ಚೀನಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಅವರೂ ಒಬ್ಬರು. ಕೋಟ್ಣೀಸರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಬಸು ಅವರು ಸ್ವದೇಶಕ್ಕೆ ಮರಳಿ, ಐವತ್ತರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ ಸೂಜಿವಿದ್ಯೆಯನ್ನು ಕಲಿತು ಬಂದರು.

ಮರೆವಿಗೆ ಸೂಜಿ ನೆಡುವವರು ಹೆಚ್ಚಾಗಿ ಆರಿಸುವುದು ನೆತ್ತಿಯ ಮೇಲಿನ ‘ಬೈಹುಯಿ’ ಎಂಬ ಬಿಂದುವನ್ನು. ನೂರು ಪಥಗಳು ಕೂಡುವ ಸ್ಥಾನವೆಂದು ಅದರ ಅರ್ಥ. ಅದರ ಸುತ್ತಲಿನ ನಾಲ್ಕು ಬಿಂದುಗಳು, ಮಣಿಕಟ್ಟಿನ ಒಂದು, ಮೊಣಕಾಲ ಕೆಳಗಿನ ಒಂದು ಇವುಗಳೊಡನೆ ಸೇರುತ್ತವೆ. ಕೂದಲೆಳೆಗಿಂತ ಸ್ವಲ್ಪವೇ ದಪ್ಪವಾದ ಸೂಜಿಗಳನ್ನು ನೆಟ್ಟು ಸುಮಾರು ಅರ್ಧ ಗಂಟೆ ಬಿಡುತ್ತಾರೆ. ನೋವು ಅತ್ಯಲ್ಪ. ಸೂಜಿಯು ನರಗಳನ್ನು ಪ್ರಚೋದಿಸಿ ಮಿದುಳಿನ ರಕ್ತಸಂಚಾರದಲ್ಲಿ ಬದಲಾವಣೆ ತರಬಹುದೆಂದು ಇಂದಿನ ಸಂಶೋಧಕರು ಊಹಿಸುತ್ತಾರೆ.

ಇನ್ನು ಇದರಿಂದ ಗುಣವಿದೆಯೆ? ಇಲ್ಲಿ ತುಸು ನಿಂತು ಯೋಚಿಸಬೇಕು. ವೈದ್ಯರು ಮರೆವಿನಲ್ಲಿ ಮೂರು ಹಂತಗಳನ್ನು ಕಾಣುತ್ತಾರೆ. ಹೆಸರು ಈಗ ಮರೆತು ಸಂಜೆಗೆ ನೆನಪಾದರೆ ಅದು ವಯೋಧರ್ಮ. ಮರೆವು ವಯಸ್ಸಿಗೆ ಮೀರಿದ್ದರೂ ನಿತ್ಯದ ಬದುಕು ನಡೆಯುತ್ತಿದ್ದರೆ ಅದು ಅರಿವಿನ ಅಲ್ಪಕುಂದು. ಅಡಿಗೆ, ಹಣಕಾಸು, ಮನೆಯ ದಾರಿ ಇವೇ ತಪ್ಪತೊಡಗಿದರೆ ಅದು ಡಿಮೆನ್ಶಿಯ. ನಡುವಿನ ಹಂತದಲ್ಲಿ ತಜ್ಞರ ಬಳಿಗೆ ಬಂದವರಲ್ಲಿ ವರ್ಷಕ್ಕೆ ನೂರಕ್ಕೆ 10ರಿಂದ 15 ಮಂದಿ ಮೂರನೆಯ ಹಂತಕ್ಕೆ ಜಾರುತ್ತಾರೆ. ಅನೇಕರು ಇದ್ದಲ್ಲಿಯೇ ಇರುತ್ತಾರೆ. ಕೆಲವರು ತಾವಾಗಿಯೇ ಸುಧಾರಿಸುತ್ತಾರೆ. ಈ ಕಡೆಯ ಮಾತು ಮುಖ್ಯವಾದುದು. ತಾನಾಗಿ ಸುಧಾರಿಸಲಿದ್ದವನಿಗೆ ಆ ತಿಂಗಳು ಸೂಜಿ ನೆಟ್ಟಿದ್ದರೆ ಕೀರ್ತಿ ಸೂಜಿಗೆ ಹೋಗುತ್ತದೆ. ತಾಯಿತ ಕಟ್ಟಿದ್ದರೆ ತಾಯಿತಕ್ಕೆ. ಆದುದರಿಂದ ಒಬ್ಬಿಬ್ಬರ ಅನುಭವ ಪ್ರಮಾಣವಾಗದು. ನೂರಾರು ಜನರನ್ನು ಎರಡು ಗುಂಪು ಮಾಡಿ ಹೋಲಿಸಬೇಕು.

ಅಂಥ ಹೋಲಿಕೆಗಳೂ ನಡೆದಿವೆ, ಬಹುಪಾಲು ಚೀನದಲ್ಲಿ. 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಇಂಥ ಐದು ಪ್ರಯೋಗಗಳನ್ನು, ಒಟ್ಟು 568 ಜನರ ವಿವರಗಳನ್ನು, ಒಟ್ಟುಗೂಡಿಸಿ ನೋಡಿತು. ನಿಮೋಡಿಪೈನ್ ಎಂಬ ಮಾತ್ರೆ ನುಂಗಿದವರಿಗಿಂತ ಸೂಜಿ ಹಾಕಿಸಿಕೊಂಡವರು ಜ್ಞಾಪಕದ ಪರೀಕ್ಷೆಯಲ್ಲಿ ಮೇಲಾದರು. ಕೇಳಲು ಹಿತವಾದ ಸುದ್ದಿ. ಆದರೆ ಆ ಮಾತ್ರೆಯೇ ಈ ಮರೆವಿಗೆ ಸಿದ್ಧೌಷಧವಲ್ಲ. ಓಡಲಾರದವನೊಡನೆ ಪಂದ್ಯ ಕಟ್ಟಿ ಗೆದ್ದಂತೆ ಇದು. ಜೊತೆಗೆ ಆ ಪ್ರಯೋಗಗಳ ಕಟ್ಟುನಿಟ್ಟು ಸಾಲದೆಂದು ವಿಮರ್ಶಕರೇ ಬರೆದಿದ್ದಾರೆ. ಮಾತ್ರೆಯನ್ನಾದರೆ ಸಕ್ಕರೆಗುಳಿಗೆಯಿಂದ ಮರೆಮಾಚಬಹುದು. ಸೂಜಿಯನ್ನು ಮರೆಮಾಚುವುದು ಕಷ್ಟ. ಚುಚ್ಚಿಸಿಕೊಂಡವನಿಗೆ ಚುಚ್ಚಿದ್ದು ತಿಳಿಯುತ್ತದೆ, ಭರವಸೆ ಹುಟ್ಟುತ್ತದೆ, ಭರವಸೆಯಿಂದಲೇ ಪರೀಕ್ಷೆಯಲ್ಲಿ ಎರಡು ಅಂಕ ಹೆಚ್ಚಬಹುದು. ಒಂದೇ ಪರೀಕ್ಷೆಯನ್ನು ಎರಡನೆಯ ಸಲ ಬರೆದಾಗ ಅಂಕ ಏರುವುದನ್ನು ಮೇಷ್ಟರಾದ ನಾನು ಹೇಳಬೇಕೆ? ಮೈಗ್ರೇನ್ ತಲೆನೋವಿನಲ್ಲಿ ಸೂಜಿಗಿರುವಷ್ಟು ಆಧಾರ ಮರೆವಿನಲ್ಲಿ ಇನ್ನೂ ಇಲ್ಲ. ಇರಲಾರದೆಂದು ನಾನು ಹೇಳುತ್ತಿಲ್ಲ. ಅದರೊಂದನ್ನೇ ನಂಬಿ ಕೂರುವಷ್ಟು ಇಲ್ಲವೆಂದು ಹೇಳುತ್ತಿದ್ದೇನೆ.

ಈ ಮಾತನ್ನು ನಾನು ಕಲಿಯುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಅಣ್ಣಯ್ಯನವರಿಗೆ ನಿದ್ದೆ ಚೆನ್ನಾಗಿ ಬರತೊಡಗಿತ್ತು, ಮಂಡಿನೋವು ತಗ್ಗಿತ್ತು. ಲೆಕ್ಕ ಮಾತ್ರ ಮೊದಲಿನಂತೆಯೇ ತಪ್ಪುತ್ತಿತ್ತು. ಕೊನೆಗೆ ಕೋಲಾರದಲ್ಲಿ ವೈದ್ಯರೊಬ್ಬರಿಗೆ ತೋರಿಸಿದಾಗ ರಕ್ತದ ಒತ್ತಡ ಬಹಳ ಏರಿರುವುದೂ, ಸಕ್ಕರೆಕಾಯಿಲೆ ಇರುವುದೂ, ಕಿವಿ ಅರ್ಧದಷ್ಟು ಮಂದವಾಗಿರುವುದೂ ಒಟ್ಟಿಗೆ ತಿಳಿದುಬಂದವು. ಯಾವುದನ್ನೂ ನಾವು ಅದುವರೆಗೆ ಅಳೆಸಿರಲಿಲ್ಲ. ಸೂಜಿ ಹಾಕಿದವರನ್ನು ನಾನು ದೂರಲಾರೆ. ಅವರು ತಮಗೆ ತಿಳಿದುದನ್ನು ಶ್ರದ್ಧೆಯಿಂದ ಮಾಡಿದರು. ಗಾದೆಯನ್ನು ನಂಬಿದವರು ನಾವು. ಆಮೇಲೆ ಸೂಜಿಯೊಂದನ್ನೇ ನಂಬಿದವರೂ ನಾವೇ.

ಇವೆಲ್ಲಕ್ಕೂ ಮರೆವಿಗೂ ಏನು ಸಂಬಂಧವೆಂದು ಕೇಳಬಹುದು. ಮಿದುಳು ಬದುಕುವುದು ಸಣ್ಣ ಸಣ್ಣ ರಕ್ತನಾಳಗಳ ಆಸರೆಯಲ್ಲಿ. ಒತ್ತಡವೂ ಸಕ್ಕರೆಯೂ ವರ್ಷಗಟ್ಟಲೆ ಆ ನಾಳಗಳನ್ನು ಸವೆಸುತ್ತವೆ. ಕಿವಿ ಕೇಳದವನು ಮಾತುಕತೆಯಿಂದ ದೂರ ಸರಿಯುತ್ತಾನೆ. ಮಾತಿಲ್ಲದ ಮನಸ್ಸು ಮಂಕಾಗುತ್ತದೆ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞಸಮಿತಿ 2024ರಲ್ಲಿ ಇಂಥ 14 ಕಾರಣಗಳನ್ನು ಪಟ್ಟಿಮಾಡಿತು. ಧೂಮಪಾನ, ಅತಿಯಾದ ಮದ್ಯ, ಖಿನ್ನತೆ, ಒಂಟಿತನ, ಕಣ್ಣಿನ ಪೊರೆಯಂಥ ದೃಷ್ಟಿದೋಷ, ಎಳವೆಯಲ್ಲಿ ಓದು ಸಿಗದಿರುವುದು ಅದರಲ್ಲಿ ಸೇರಿವೆ. ಎಲ್ಲವನ್ನೂ ಸರಿಪಡಿಸಬಲ್ಲೆವಾದರೆ ಜಗತ್ತಿನ ಡಿಮೆನ್ಶಿಯದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅವರ ಅಂದಾಜು. ಇದಲ್ಲದೆ ಥೈರಾಯ್ಡ್ ಗ್ರಂಥಿಯ ಕೊರತೆ, ಬಿ-12 ಜೀವಸತ್ವದ ಕೊರತೆ, ಕೆಲವು ನಿದ್ರೆಮಾತ್ರೆಗಳು ಕೂಡ ಮರೆವನ್ನು ತರುತ್ತವೆ. ಸಾಮಾನ್ಯ ರಕ್ತಪರೀಕ್ಷೆಯಿಂದಲೂ, ನುಂಗುತ್ತಿರುವ ಮಾತ್ರೆಗಳನ್ನು ವೈದ್ಯರಿಗೆ ತೋರಿಸುವುದರಿಂದಲೂ ಇವನ್ನು ಕಂಡುಹಿಡಿಯಬಹುದು. ಬಹುಮಟ್ಟಿಗೆ ಸರಿಪಡಿಸಲೂ ಬಹುದು.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಇದು ಹೆಚ್ಚು. ಹಳ್ಳಿಯ ಮರೆವನ್ನು ಅರಿಯುವ ದೊಡ್ಡ ಪ್ರಯತ್ನವೊಂದು ನಮ್ಮ ಜಿಲ್ಲೆಯಲ್ಲೇ ನಡೆದಿದೆ ಎಂಬುದು ಅನೇಕರಿಗೆ ತಿಳಿದಿರಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಒಂದು ಅಧ್ಯಯನವನ್ನು ಆರಂಭಿಸಿದರು. 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ಸೇರಿಸಿಕೊಂಡು, ರಕ್ತಪರೀಕ್ಷೆ, ಜ್ಞಾಪಕಪರೀಕ್ಷೆ, ಮಿದುಳಿನ ಚಿತ್ರ ಇವುಗಳ ಮೂಲಕ ಅವರನ್ನು ವರ್ಷವರ್ಷವೂ ಗಮನಿಸುವುದು ಅದರ ಗುರಿ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಬರೆವಣಿಗೆಯ ಪರೀಕ್ಷೆ ಕೊಟ್ಟರೆ ಅವಳ ಜ್ಞಾಪಕವನ್ನಲ್ಲ, ಅವಳಿಗೆ ಸಿಗದೆ ಹೋದ ಓದನ್ನು ಅಳೆದಂತಾಗುತ್ತದೆ. ಆದ್ದರಿಂದ ಇಂಥ ಜನರಿಗೆ ಅವರ ಮಾತಿನಲ್ಲಿ, ಅವರ ಬದುಕಿಗೆ ಒಗ್ಗುವ ಪ್ರಶ್ನೆಗಳು ಬೇಕು. 2022ರಲ್ಲಿ ಕರ್ನಾಟಕ ಸರ್ಕಾರವು ನಿಮ್ಹಾನ್ಸ್ ಸಂಸ್ಥೆಯೊಡನೆ ಮಿದುಳಿನ ಆರೋಗ್ಯದ ಯೋಜನೆಯನ್ನು ಆರಂಭಿಸಿದಾಗ ಮೊದಲಿಗೆ ಆರಿಸಿದ ಮೂರು ಪ್ರದೇಶಗಳಲ್ಲಿ ಕೋಲಾರವೂ ಒಂದಾಗಿತ್ತು.

ನಮ್ಮದು ನೆನಪನ್ನು ಬೆಲೆಯುಳ್ಳದ್ದೆಂದು ತಿಳಿದ ನಾಡು. ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳನ್ನು ಬರೆದ ಡಿ.ವಿ.ಜಿ. ಅವರು ಮುಳಬಾಗಿಲಿನವರು, ಮಾಸ್ತಿಯವರ ಮಾಸ್ತಿ ಇರುವುದು ಮಾಲೂರು ತಾಲ್ಲೂಕಿನಲ್ಲಿ. ಇಂಥ ನಾಡಿನಲ್ಲಿ ಹಿರಿಯರ ನೆನಪು ಮಾಸುವುದನ್ನು ಗಾದೆ ಹೇಳಿ ತಳ್ಳಿಹಾಕುವುದು ತರವಲ್ಲ.

ಅಣ್ಣಯ್ಯನವರು ಈಗ ಎರಡು ವರ್ಷಗಳಿಂದ ಒತ್ತಡಕ್ಕೂ ಸಕ್ಕರೆಗೂ ಮಾತ್ರೆ ನುಂಗುತ್ತಿದ್ದಾರೆ, ಕಿವಿಗೆ ಯಂತ್ರ ಹಾಕಿಕೊಂಡಿದ್ದಾರೆ. ಮರೆವು ಹೋಗಿಲ್ಲ, ಬೆಳೆದೂ ಇಲ್ಲ. ತೋಪಿನ ಲೆಕ್ಕವನ್ನು ಸೊಸೆ ಬರೆದಿಡುತ್ತಾಳೆ, ಅವರು ಪಕ್ಕದಲ್ಲಿ ಕುಳಿತು ಮರಗಳ ಹೆಸರು ಹೇಳುತ್ತಾರೆ. ಕಳೆದುಹೋದ ಆ ಒಂದು ವರ್ಷದಲ್ಲಿ ಏನು ಉಳಿಯಬಹುದಾಗಿತ್ತೋ ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ. ಮೊನ್ನೆ ಬಂದಾಗ ಅವರು, “ಸೂಜಿ ಹಾಕಿಸಿಕೊಂಡರೆ ಮಂಡಿಗೆ ಹಾಯೆನಿಸುತ್ತೆ ಕಣೋ, ಬಿಟ್ಟುಬಿಡಲೇನು?” ಎಂದು ಕೇಳಿದರು.

“ಹೋಗಿ ಬಾ ಅಣ್ಣಯ್ಯ, ಹೊಸ ಸೂಜಿಯೇ ಹಾಕಲು ಹೇಳು. ಮಾತ್ರೆ ಮಾತ್ರ ಒಂದು ದಿನವೂ ಬಿಡಬೇಡ” ಎಂದೆ.