ಸಕ್ಕರೆಯ ಸೋಸುಬಟ್ಟೆ

ಯಡಿಯೂರಿನ ದಕ್ಷಿಣಕ್ಕಿರುವ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಸಕ್ಕರೆಯ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿಗೆ ಸುಣ್ಣ ಬೆರೆಸಿ ಕಾಯಿಸಿದಾಗ ಕಶ್ಮಲವು ಮಡ್ಡಿಯಾಗಿ ತಳಕ್ಕಿಳಿಯುವುದು. ಆ ಮಡ್ಡಿಯಲ್ಲುಳಿದ ರಸವನ್ನು ಫಿಲ್ಟರ್ ಪ್ರೆಸ್ಸಿನಲ್ಲಿ ಬೇರ್ಪಡಿಸುವುದೇ ಸೋಸುಬಟ್ಟೆಯ ಕಾರ್ಯ.

ನೇಯ್ಗೆ ಸಡಿಲವಾದರೆ ರಸವು ಕದಡಿ ಬರುವುದು. ತೀರ ಬಿಗಿಯಾದರೆ ರಂಧ್ರಗಳು ಬೇಗನೆ ಮುಚ್ಚಿಹೋಗುವುವು. ನಿಜವಾಗಿ ಸೋಸುವುದು ಬಟ್ಟೆಯ ಮೇಲೆ ಕೂಡುವ ಮಡ್ಡಿಯ ಪದರವೇ. ಆದುದರಿಂದ ಮೊದಲು ಬರುವ ಕದಡಿದ ರಸವನ್ನು ಮರಳಿ ತೊಟ್ಟಿಗೆ ಸೇರಿಸಬೇಕು.

ಎಳೆಗಳಲ್ಲಿ ಗಟ್ಟಿಗೊಂಡ ಸುಣ್ಣವನ್ನು ಆಮ್ಲವು ಕರಗಿಸುವುದು. ಆದರೆ ಹತ್ತಿಯನ್ನೂ ಕ್ಷೀಣಗೊಳಿಸುವುದು. ಪಾಲಿಪ್ರೊಪಿಲೀನ್ ಆಮ್ಲ ಕ್ಷಾರಗಳೆರಡನ್ನೂ ತಾಳಬಲ್ಲುದು, ಅತಿಶಾಖವನ್ನು ತಾಳಲಾರದು. ಬಟ್ಟೆ ಯಾವುದೇ ಆಗಲಿ, ಮಡ್ಡಿ ಒಣಗುವ ಮುನ್ನವೇ ತೊಳೆಯತಕ್ಕುದು, ಹರಕನ್ನು ಪರೀಕ್ಷಿಸತಕ್ಕುದು. ಒಂದು ಸಣ್ಣ ಹರಕಿನಿಂದ ಇಡೀ ತೊಟ್ಟಿಯ ಶ್ರಮವು ವ್ಯರ್ಥವಾದೀತು.