ಒಟ್ಟಾವದ ಗಡಿ, ಹಾವೇರಿಯ ಲೆಕ್ಕ

ಕೆನಡಾ ಎಂದರೆ ಬರೀ ಹಿಮ, ಖಾಲಿ ನೆಲ, ಅಲ್ಲಲ್ಲಿ ನಾಲ್ಕು ಮನೆ ಎಂಬ ಮಾತು ನಮ್ಮ ಶಿಗ್ಗಾಂವ ಕಡೆಯೂ ಇದೆ. ದೇಶದ ಸರಾಸರಿ ಹಿಡಿದರೆ ಅದು ಸುಳ್ಳಲ್ಲ. 2021ರ ಗಣತಿಯಲ್ಲಿ ಅಲ್ಲಿದ್ದವರು ಸುಮಾರು 3 ಕೋಟಿ 70 ಲಕ್ಷ; ಚದರ ಕಿಲೋಮೀಟರಿಗೆ ನಾಲ್ಕೇ ಮಂದಿ. ಶಿಗ್ಗಾಂವ, ಹಾನಗಲ್ಲ, ಸವಣೂರ, ಹಿರೇಕೆರೂರಗಳಿರುವ ನಮ್ಮ ಹಾವೇರಿ ಜಿಲ್ಲೆಯಲ್ಲಿ 2011ರಲ್ಲೇ 331 ಮಂದಿ.

ಆದರೆ ಅಲ್ಲಿನ ಮಂದಿ ನೆಲದ ತುಂಬ ಹರಡಿಕೊಂಡಿಲ್ಲ. ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಗಡಿಗುಂಟ ನೂರು ಕಿಲೋಮೀಟರಿನೊಳಗೇ ಇದ್ದಾರೆ. ಟೊರಾಂಟೊ ನಗರದಲ್ಲಿ ಚದರ ಕಿಲೋಮೀಟರಿಗೆ 4,428 ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿ 2011ರಲ್ಲಿ ಇದ್ದದ್ದು 4,381. ವ್ಯಾಂಕೂವರಿನಲ್ಲಂತೂ 5,750.

ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಜಧಾನಿ ಒಟ್ಟಾವ. ಶಿರಾ ತಾಲ್ಲೂಕಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿದ ಚಂದ್ರ ಆರ್ಯ ಅವರು 2022ರಲ್ಲಿ ಸಂಸತ್ತಿನಲ್ಲಿ ಕನ್ನಡ ಮಾತಾಡಿದ ಊರು ಅದು. ಜನ 10.17 ಲಕ್ಷ. ಹುಬ್ಬಳ್ಳಿ-ಧಾರವಾಡದಲ್ಲಿ 2011ರಲ್ಲಿ 9.4 ಲಕ್ಷ ಇದ್ದರು, ಹೆಚ್ಚೂಕಡಿಮೆ ಅಷ್ಟೇ. ಆದರೂ ಒಟ್ಟಾವದ ಸಾಂದ್ರತೆ 365, ನಮ್ಮ ಜಿಲ್ಲೆಗಿಂತ ತುಸುವೇ ಹೆಚ್ಚು! ಕಾರಣ ಗಡಿ. 2001ರಲ್ಲಿ ನೇಪಿಯನ್, ಕನಾಟಾ ಮುಂತಾದ ಸುತ್ತಲಿನ ಊರುಗಳನ್ನು, ಹೊಲ ಕಾಡುಗಳ ಸಮೇತ, ಒಂದೇ ನಗರಾಡಳಿತಕ್ಕೆ ಸೇರಿಸಿದರು. ಈಗ ಅದರ ವಿಸ್ತಾರ 2,788 ಚದರ ಕಿಲೋಮೀಟರ್. ಹುಬ್ಬಳ್ಳಿಯ ಗಡಿಯನ್ನು ಕುಂದಗೋಳ, ಶಿಗ್ಗಾಂವ, ಸವಣೂರ ದಾಟಿಸಿ ಎಳೆದರೆ ಏನಾದೀತು? ದುರ್ಗದಬೈಲಿನ ನೂಕುನುಗ್ಗಲು ಎಳ್ಳಷ್ಟೂ ಕರಗುವುದಿಲ್ಲ, ಕಾಗದದ ಮೇಲಿನ ಸಾಂದ್ರತೆ ಮಾತ್ರ ಇಳಿಯುತ್ತದೆ.

ಹಾವೇರಿಯ 331ಕ್ಕೂ ಇದೇ ಮಾತು. ಆ ಅಂಕಿಯಲ್ಲಿ ಮೆಣಸಿನಕಾಯಿ ಹೊಲವೂ ಇದೆ, ಬಂಕಾಪುರದ ನವಿಲುಧಾಮವೂ ಇದೆ, ಗೋಡೆಗೆ ಗೋಡೆ ತಾಗಿದ ಪೇಟೆ ಓಣಿಗಳೂ ಇವೆ. ನಲ್ಲಿ, ಗಟಾರ, ಅಂಗನವಾಡಿ ಬೇಕಾಗುವುದು ಓಣಿಯ ಲೆಕ್ಕಕ್ಕೆ. ಜಿಲ್ಲೆಯ ಸರಾಸರಿ ಹಿಡಿದು ಯೋಜನೆ ಮಾಡಿದರೆ ಒತ್ತಾಗಿ ಬದುಕುವವರಿಗೇ ಅನ್ಯಾಯ.

ಕೆನಡಾದಲ್ಲಿ ಐದು ವರ್ಷಕ್ಕೊಮ್ಮೆ ಗಣತಿ ನಡೆಯುತ್ತದೆ. ನಾವಿನ್ನೂ 2011ರ ಅಂಕಿಗಳನ್ನೇ ಹಿಡಿದುಕೊಂಡಿದ್ದೇವೆ. ಅಂದು ಹುಟ್ಟಿದ ಕೂಸು ಇಂದು ಹೈಸ್ಕೂಲಿನಲ್ಲಿದೆ. ಮುಂದಿನ ಗಣತಿಗೆ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಗಣತಿದಾರರು ಬಾಗಿಲಿಗೆ ಬಂದಾಗ ಮನೆಯಲ್ಲಿರುವ ಪ್ರತಿಯೊಬ್ಬರನ್ನೂ ಬರೆಸಿರಿ. ತೊಟ್ಟಿಲಿನ ಕೂಸನ್ನೂ, ಬಾಡಿಗೆ ಕೋಣೆಯಲ್ಲಿರುವ ಕೂಲಿಯವರನ್ನೂ ಬಿಡಬೇಡಿರಿ.